ಸೂಕ್ಷ್ಮತರಂಗ ಮಂಡಲಗಳ ಗಣಕ ವಿನ್ಯಾಸದಲ್ಲಿ ನಿಖರತೆಯ ಸಾಧನೆ

ಪೀಠಿಕೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಾರತ್ತಹಳ್ಳಿಯನ್ನು ದಾಟಿ ಮುಂದೆ ಸಾಗಿದರೆ ದೊಡ್ಡನೆಕ್ಕುಂದಿ ಸಿಗುತ್ತದೆ. ಕೆರೆ, ಹೊಲ, ತೋಟಗಳ ಊರಾಗಿದ್ದ ಈ ಗ್ರಾಮವು ಇಂದು ಕೈಗಾರಿಕಾ ಪ್ರದೇಶವನ್ನೂ ದೊಡ್ಡ ದೊಡ್ಡ ಕಚೇರಿಗಳನ್ನೂ ತನ್ನ ಎಲ್ಲೆಯೊಳಗೆ ಇರಿಸಿಕೊಂಡಿದೆ. ಈ ಊರಿನ ವೃತ್ತದ ಬಳಿಯಲ್ಲಿಯೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರವಿದೆ. ಭಾರತ ಮತ್ತು ಅಮೆರಿಕಗಳು ಕೂಡಿ ನಿರ್ಮಿಸಿದ ‘ನಿಸಾರ್’ ಎಂಬ ಭೂವೀಕ್ಷಣಾ ಉಪಗ್ರಹದ ಎರಡು ರೇಡಾರ್‌ಗಳು 2023ರಲ್ಲಿ ಉಪಗ್ರಹದ ಒಡಲಿಗೆ ಕೂಡಿಕೊಂಡದ್ದು ಇಲ್ಲಿಯೇ. ತರಂಗಗಳನ್ನು ಹೀರಿಕೊಳ್ಳುವ ನೊರೆಫಲಕಗಳನ್ನು ಹೊದಿಸಿದ ಕೊಠಡಿಯಲ್ಲಿ ಅದರ ಆಂಟೆನಾಗಳನ್ನು ಪರೀಕ್ಷಿಸಿದರು. ಅನಂತರ ನಿರ್ವಾತ ಕೋಶದೊಳಗೆ ಅತಿಶೀತ ಮತ್ತು ಅತಿತಾಪಗಳಿಗೆ ಒಡ್ಡಿದರು. 2025ರ ಜುಲೈ 30ರಂದು ಆ ಉಪಗ್ರಹವು ಶ್ರೀಹರಿಕೋಟೆಯಿಂದ ಆಕಾಶಕ್ಕೇರಿತು.

ನಿಸಾರ್‌ನ ಎರಡು ರೇಡಾರ್‌ಗಳಲ್ಲಿ ಒಂದರ ತರಂಗದೂರ ಸುಮಾರು 24 ಸೆಂಟಿಮೀಟರ್, ಇನ್ನೊಂದರದು ಸುಮಾರು 9.4 ಸೆಂಟಿಮೀಟರ್. ಎರಡನೆಯದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ರೂಪುಗೊಂಡದ್ದು. ಅದರ ಆವೃತ್ತಿ 3.2 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 320 ಕೋಟಿ ಆಂದೋಲನಗಳು. ಭೂಮಿಯಿಂದ ಏಳುನೂರು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಸುತ್ತುವ ಇಂತಹ ಯಂತ್ರದೊಳಗಿನ ಒಂದು ಮಂಡಲವು ತನ್ನ ನಿಯತ ಆವೃತ್ತಿಯಿಂದ ಜಾರಿದರೆ, ಚಿಮುಟ ಹಿಡಿದು ಹೋಗಿ ಅದನ್ನು ಸರಿಪಡಿಸುವವರು ಯಾರೂ ಇಲ್ಲ. ಆದಕಾರಣ ಭೂಮಿಯ ಮೇಲೆ, ಕಾಗದದಲ್ಲಿ, ಗಣಕಯಂತ್ರದಲ್ಲಿ ಮಾಡಿದ ಲೆಕ್ಕವು ಎಷ್ಟು ನಂಬಿಕೆಗೆ ಅರ್ಹ ಎಂಬ ಪ್ರಶ್ನೆ ಇಲ್ಲಿ ಅತ್ಯಂತ ಮಹತ್ವದ್ದು. ಆ ನಂಬಿಕೆಯನ್ನು ಗಳಿಸುವ ಬಗೆಯನ್ನು ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ತಂತಿಯೇ ಮಂಡಲವಾಗುವ ಪರಿ

ಮನೆಯ ವಿದ್ಯುತ್ ದೀಪಕ್ಕೆ ಹೋಗುವ ತಂತಿ ಒಂದು ಗೇಣು ಉದ್ದವಾಗಿದ್ದರೂ ಒಂದು ಮಾರು ಉದ್ದವಾಗಿದ್ದರೂ ದೀಪವು ಒಂದೇ ರೀತಿಯಲ್ಲಿ ಉರಿಯುತ್ತದೆ. ಅಲ್ಲಿಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ತರಂಗದೂರ ಆರು ಸಾವಿರ ಕಿಲೋಮೀಟರ್. ಅದರ ಮುಂದೆ ತಂತಿಯ ಉದ್ದ ಲೆಕ್ಕಕ್ಕೇ ಬಾರದು. ಸೂಕ್ಷ್ಮತರಂಗಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಇಲ್ಲಿ ತರಂಗದೂರವು ಸೆಂಟಿಮೀಟರುಗಳಲ್ಲಿ ಇರುವುದರಿಂದ, ಲೋಹದ ಪಟ್ಟಿಯ ಉದ್ದ, ಅಗಲ, ತಿರುವು, ತುದಿ ಇವೆಲ್ಲವೂ ಮಂಡಲದ ಅಂಗಗಳೇ ಆಗುತ್ತವೆ. ಒಂದು ಪಟ್ಟಿಯು ಉದ್ದದ ಬಲದಿಂದಲೇ ಧಾರಕವಾಗಿಯೋ ಪ್ರೇರಕವಾಗಿಯೋ ಅನುನಾದಕವಾಗಿಯೋ ವರ್ತಿಸಬಲ್ಲದು. ಎಂದಮೇಲೆ ಉದ್ದದಲ್ಲಿ ತಪ್ಪಿದರೆ ಮಂಡಲವೇ ತಪ್ಪಿದಂತೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮಿಲಿಮೀಟರ್ ಗಾತ್ರದ ತರಂಗಗಳನ್ನು ಜಗದೀಶಚಂದ್ರ ಬೋಸರು 1895ರ ಸುಮಾರಿಗೇ ಕಲ್ಕತ್ತೆಯಲ್ಲಿ ಉತ್ಪಾದಿಸಿ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕನ್ನಡನಾಡಿನವರೇ ಆದ ಡಾ. ರಾಜೇಶ್ವರಿ ಚಟರ್ಜಿಯವರು (1922–2010) ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿ, ತಮ್ಮ ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಸೂಕ್ಷ್ಮತರಂಗಗಳ ಬೋಧನೆ ಮತ್ತು ಸಂಶೋಧನೆಗಳನ್ನು ಬೆಳೆಸಿದರು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ಬೇರೂರಿತು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರೂಪುಗೊಂಡ ‘ಆರ್ಯಭಟ’ ಉಪಗ್ರಹವು 1975ರ ಏಪ್ರಿಲ್ 19ರಂದು ಕಕ್ಷೆಗೆ ಏರಿತು.

ಆ ಕಾಲದ ವಿನ್ಯಾಸಕಾರನ ಮುಖ್ಯ ಉಪಕರಣ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ವೃತ್ತಾಕಾರದ ನಕ್ಷೆ. ನಕ್ಷೆಯಲ್ಲಿ ಅಂದಾಜು ಮಾಡಿ, ಮಂಡಲವನ್ನು ರಚಿಸಿ, ಅಳೆದು, ಚೂರಿಯಿಂದ ಲೋಹದ ಪಟ್ಟಿಯನ್ನು ಕೆರೆದು ಇಲ್ಲವೇ ತೆಳುತಗಡಿನ ಚೂರನ್ನು ಅಂಟಿಸಿ ಸರಿಪಡಿಸುತ್ತಿದ್ದರು. 1973ರ ಸುಮಾರಿಗೆ ಲೆಸ್ ಬೆಸ್ಸರ್ ರಚಿಸಿದ ‘ಕಾಂಪ್ಯಾಕ್ಟ್’ ಎಂಬ ಕ್ರಮವಿಧಿಯಿಂದ ಈ ಲೆಕ್ಕ ಗಣಕಯಂತ್ರಕ್ಕೆ ಏರಿತು. 1981ರಲ್ಲಿ ಕೆ. ಸಿ. ಗುಪ್ತಾ, ರಮೇಶ್ ಗರ್ಗ್ ಮತ್ತು ರಾಕೇಶ್ ಚಡ್ಡಾ ಎಂಬ ಮೂವರು ಭಾರತೀಯರು ಇದೇ ವಿಷಯವನ್ನು ಕುರಿತು ಬರೆದ ಗ್ರಂಥವು ಜಗತ್ತಿನಾದ್ಯಂತ ಪಠ್ಯವಾಗಿ ಬಳಕೆಗೆ ಬಂದಿತು. ಕೆರೆಯುವ ಚೂರಿಯ ಸ್ಥಾನದಲ್ಲಿ ಲೆಕ್ಕವು ಬಂದು ನಿಂತಿತು. ಆದರೆ ಲೆಕ್ಕವೂ ತಪ್ಪಬಹುದು. ಅದು ತಪ್ಪುವ ಬಗೆ ಮಾತ್ರ ಬೇರೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಪಾಠ

ಮುಂದೆ ಹೋಗುವ ಮೊದಲು, ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತವಾದ ಒಂದು ಪ್ರಯೋಗವನ್ನು ನೆನಪು ಮಾಡಿಕೊಳ್ಳೋಣ. ನೀರು ತುಂಬಿದ ಗಾಜಿನ ಕೊಳವೆಯ ಬಾಯಿಯ ಮೇಲೆ 512 ಹರ್ಟ್ಸ್‌ನ ಶ್ರುತಿಕವೆಯನ್ನು ಮಿಡಿದು ಹಿಡಿದು, ನೀರಿನ ಮಟ್ಟವನ್ನು ಮೆಲ್ಲಗೆ ಇಳಿಸುತ್ತ ಬಂದರೆ ಒಂದು ಕಡೆ ಸದ್ದು ಜೋರಾಗಿ ಕೇಳಿಸುತ್ತದೆ. ಇದು ಮೊದಲನೆಯ ಅನುನಾದ. ಗಾಳಿಕಂಬದ ಉದ್ದವು ತರಂಗದೂರದ ಕಾಲುಭಾಗಕ್ಕೆ ಸಮ ಎಂದು ನಾವು ಕಲಿತಿದ್ದೇವೆ. 3 ಸೆಂಟಿಮೀಟರ್ ವ್ಯಾಸದ ಕೊಳವೆಯಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಈ ಉದ್ದವು ಸುಮಾರು 16.0 ಸೆಂಟಿಮೀಟರ್ ಬರುತ್ತದೆ. ಇದನ್ನು ನಾಲ್ಕರಿಂದಲೂ 512ರಿಂದಲೂ ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ 328 ಮೀಟರ್ ಎಂದು ಬರುತ್ತದೆ. ಆದರೆ ನಿಜವಾದ ವೇಗ ಸುಮಾರು 346 ಮೀಟರ್. ಶೇಕಡಾ ಐದರಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಶ್ರುತಿಕವೆ ತಪ್ಪಿಲ್ಲ, ಅಳತೆಪಟ್ಟಿಯೂ ತಪ್ಪಿಲ್ಲ. ಗಾಳಿಯ ಕಂಪನವು ಕೊಳವೆಯ ಬಾಯಿಯಲ್ಲಿಯೇ ಥಟ್ಟನೆ ನಿಲ್ಲದೆ ಸ್ವಲ್ಪ ಹೊರಕ್ಕೆ ಚಾಚಿಕೊಂಡಿರುತ್ತದೆ. ಈ ಚಾಚು ಕೊಳವೆಯ ವ್ಯಾಸದ ಹತ್ತರಲ್ಲಿ ಮೂರು ಭಾಗ, ಅಂದರೆ ಇಲ್ಲಿ 0.9 ಸೆಂಟಿಮೀಟರ್. ಇದನ್ನು ‘ತುದಿಯ ತಿದ್ದುಪಡಿ’ ಎನ್ನುತ್ತಾರೆ. ಇದನ್ನು ಬಿಟ್ಟು ಲೆಕ್ಕ ಮಾಡಿದವನು ಅಳತೆಯನ್ನು ನೂರು ಸಲ ಮಾಡಿ ಸರಾಸರಿ ತೆಗೆದರೂ 328ರ ಸುತ್ತಮುತ್ತಲೇ ಇರುತ್ತಾನೆ.

ಇದರಿಂದ ಪಾರಾಗುವ ಉಪಾಯವನ್ನೂ ಅದೇ ಪ್ರಯೋಗ ಕಲಿಸುತ್ತದೆ. ನೀರನ್ನು ಇನ್ನಷ್ಟು ಇಳಿಸಿ ಎರಡನೆಯ ಅನುನಾದವನ್ನು ಹುಡುಕಿದರೆ ಅದು 49.8 ಸೆಂಟಿಮೀಟರಿನಲ್ಲಿ ದೊರೆಯುತ್ತದೆ. ಎರಡರಲ್ಲಿಯೂ ತುದಿ ಒಂದೇ, ಚಾಚೂ ಒಂದೇ. ಒಂದನ್ನು ಇನ್ನೊಂದರಿಂದ ಕಳೆದರೆ ಚಾಚು ತಾನಾಗಿಯೇ ಮಾಯವಾಗುತ್ತದೆ. ಉಳಿದ 33.8 ಸೆಂಟಿಮೀಟರ್ ಅರ್ಧ ತರಂಗದೂರ. ಅದನ್ನು ಎರಡರಿಂದಲೂ 512ರಿಂದಲೂ ಗುಣಿಸಿದರೆ 346 ಮೀಟರ್ ಬರುತ್ತದೆ. ಗೊತ್ತಿಲ್ಲದ ದೋಷವನ್ನು ಊಹಿಸುವುದಕ್ಕಿಂತ, ಅದು ತಾನಾಗಿ ಕಳೆದುಹೋಗುವಂತೆ ಅಳತೆಯನ್ನು ಏರ್ಪಡಿಸುವುದು ಜಾಣತನ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಸೂಕ್ಷ್ಮತರಂಗ ಮಂಡಲಕ್ಕೆ ಬರೋಣ.

ಒಂದು ಪಟ್ಟಿಯ ಲೆಕ್ಕ

ಅಲ್ಯೂಮಿನಾ ಎಂಬ ಪಿಂಗಾಣಿಯಂತಹ ವಸ್ತುವಿನ ತೆಳುಹಲಗೆಯೊಂದನ್ನು ತೆಗೆದುಕೊಳ್ಳೋಣ. ಅದರ ದಪ್ಪ 0.635 ಮಿಲಿಮೀಟರ್. ಕೆಳಮುಖಕ್ಕೆ ಪೂರ್ತಿಯಾಗಿ ಲೋಹದ ಲೇಪ. ಮೇಲ್ಮುಖದ ಮೇಲೆ 0.635 ಮಿಲಿಮೀಟರ್ ಅಗಲದ ಲೋಹದ ಪಟ್ಟಿ. ಇದಕ್ಕೆ ಮೈಕ್ರೋಸ್ಟ್ರಿಪ್ ಎಂದು ಹೆಸರು. ಇಂತಹ ಪಟ್ಟಿಯನ್ನು 3.2 ಗಿಗಾಹರ್ಟ್ಸ್‌ನಲ್ಲಿ ಅನುನಾದಗೊಳಿಸಬೇಕಾಗಿದೆ. ಎರಡೂ ತುದಿಗಳು ತೆರೆದಿರುವುದರಿಂದ ಉದ್ದವು ಅರ್ಧ ತರಂಗದೂರವಾಗಿರಬೇಕು.

ಶೂನ್ಯದಲ್ಲಿ 3.2 ಗಿಗಾಹರ್ಟ್ಸ್‌ನ ತರಂಗದೂರ 93.7 ಮಿಲಿಮೀಟರ್. ಅಲ್ಯೂಮಿನಾದ ಡೈಎಲೆಕ್ಟ್ರಿಕ್ ಸ್ಥಿರಾಂಕ 9.8 ಎಂದು ಇಟ್ಟುಕೊಳ್ಳೋಣ. ತರಂಗದ ಬಹುಭಾಗ ಹಲಗೆಯೊಳಗೂ ಸ್ವಲ್ಪಭಾಗ ಮೇಲಿನ ಗಾಳಿಯಲ್ಲಿಯೂ ಹರಿಯುವುದರಿಂದ, ತರಂಗಕ್ಕೆ ಗೋಚರಿಸುವ ಸ್ಥಿರಾಂಕ ಇವೆರಡರ ನಡುವಿನದು. ರೂಢಿಯಲ್ಲಿರುವ ಸೂತ್ರದಿಂದ ಈ ‘ಫಲಿತ ಸ್ಥಿರಾಂಕ’ 6.62 ಎಂದು ಬರುತ್ತದೆ. ಇದರ ವರ್ಗಮೂಲ 2.573. ಶೂನ್ಯದ ತರಂಗದೂರವನ್ನು ಇದರಿಂದ ಭಾಗಿಸಿದರೆ 36.4 ಮಿಲಿಮೀಟರ್, ಅದರ ಅರ್ಧ 18.21 ಮಿಲಿಮೀಟರ್. ವಿನ್ಯಾಸ ಮುಗಿಯಿತೆಂದು ಹೊಸಬನು ಭಾವಿಸುತ್ತಾನೆ.

ಆದರೆ ಈ ಉದ್ದದ ಪಟ್ಟಿಯನ್ನು ರಚಿಸಿ ಅಳೆದರೆ ಅನುನಾದವು 3.2ರಲ್ಲಿ ಬಾರದೆ 3.13 ಗಿಗಾಹರ್ಟ್ಸ್‌ನ ಬಳಿ ಬರುತ್ತದೆ. ಗಾಜಿನ ಕೊಳವೆಯ ಕಥೆಯೇ ಇಲ್ಲಿಯೂ ನಡೆದಿದೆ. ವಿದ್ಯುತ್ ಕ್ಷೇತ್ರವು ಪಟ್ಟಿಯ ತುದಿಯಲ್ಲಿ ನಿಲ್ಲದೆ ಸ್ವಲ್ಪ ಹೊರಕ್ಕೆ ಚಾಚಿದೆ. ಈ ಹಲಗೆಗೆ ಆ ಚಾಚು ಪ್ರತಿ ತುದಿಯಲ್ಲಿ ಸುಮಾರು 0.20 ಮಿಲಿಮೀಟರ್, ಎರಡು ತುದಿಗಳಿಂದ 0.40 ಮಿಲಿಮೀಟರ್. ಕಣ್ಣಿಗೆ ಕಾಣದ ಈ ಉದ್ದ ಆವೃತ್ತಿಯನ್ನು 69 ಮೆಗಾಹರ್ಟ್ಸ್‌ನಷ್ಟು ಕೆಳಗೆ ಎಳೆದಿದೆ. ಆದ್ದರಿಂದ ಪಟ್ಟಿಯನ್ನು 17.81 ಮಿಲಿಮೀಟರಿಗೆ ಮೊಟಕುಗೊಳಿಸಬೇಕು. ಒಂದು ತುದಿಯಲ್ಲಿ ಇಷ್ಟಾದರೆ, ತಿರುವು, ಕವಲು, ಅಗಲ ಬದಲಾಗುವ ಮೆಟ್ಟಿಲು, ಹಲಗೆಯನ್ನು ತೂರಿ ಹೋಗುವ ಲೋಹದ ರಂಧ್ರ ಇವುಗಳಿಗೆಲ್ಲ ಪ್ರತ್ಯೇಕ ತಿದ್ದುಪಡಿಗಳು ಬೇಕಾಗುತ್ತವೆ. ಮಾದರಿಯಲ್ಲಿ ಇಲ್ಲದ ವಸ್ತುವನ್ನು ಗಣಕಯಂತ್ರ ಕಾಣಲಾರದು ಎಂಬುದು ಮೊದಲನೆಯ ಪಾಠ.

ಯಾವ ದೋಷವನ್ನು ಮೊದಲು ತಿದ್ದಬೇಕು

ತುದಿಯ ಚಾಚನ್ನು ಸೇರಿಸಿದ ಮೇಲೂ ಸಣ್ಣ ದೋಷಗಳು ಉಳಿಯುತ್ತವೆ. ಹಲಗೆಯ ದಪ್ಪ ಖಚಿತವಾಗಿ ಗೊತ್ತಿದೆ ಎಂದು ಭಾವಿಸಿ, ಉಳಿದವುಗಳಲ್ಲಿ ಮೂರನ್ನು ಪರಿಶೀಲಿಸೋಣ.

ಮೊದಲನೆಯದು, ವಸ್ತುವಿನ ಸ್ಥಿರಾಂಕ. ತಯಾರಕರ ಪತ್ರದಲ್ಲಿ 9.8 ಎಂದಿದ್ದರೂ ಅದು 9.7ರಿಂದ 9.9ರವರೆಗೆ ಎಲ್ಲಿಯಾದರೂ ಇರಬಹುದೆಂದು ಇಟ್ಟುಕೊಳ್ಳೋಣ. ಇದರಿಂದ ಆವೃತ್ತಿಯಲ್ಲಿ 15 ಮೆಗಾಹರ್ಟ್ಸ್‌ಗೂ ಸ್ವಲ್ಪ ಹೆಚ್ಚಿನ ಸಂದೇಹ ಉಂಟಾಗುತ್ತದೆ. ಎರಡನೆಯದು, ಪಟ್ಟಿಯ ಅಗಲ. ಆಮ್ಲದಿಂದ ಲೋಹವನ್ನು ಕೊರೆಯುವಾಗ 0.02 ಮಿಲಿಮೀಟರ್ ವ್ಯತ್ಯಾಸವಾದರೆ ಸುಮಾರು 4 ಮೆಗಾಹರ್ಟ್ಸ್. ಮೂರನೆಯದು, ಪಟ್ಟಿಯ ಉದ್ದ. ಇಲ್ಲಿಯೂ 0.02 ಮಿಲಿಮೀಟರ್ ತಪ್ಪಿದರೆ ಸುಮಾರು ಮೂರೂವರೆ ಮೆಗಾಹರ್ಟ್ಸ್. ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳೆಂದು ಸದ್ಯಕ್ಕೆ ಭಾವಿಸಿದರೆ, ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆಯಬೇಕು. ಒಟ್ಟು ಸಂದೇಹ 16 ಮೆಗಾಹರ್ಟ್ಸ್ ಎಂದು ಬರುತ್ತದೆ.

ಈಗ ಒಬ್ಬ ವಿನ್ಯಾಸಕಾರನು ಬಹಳ ಹಣ ವೆಚ್ಚಮಾಡಿ ಅಗಲವನ್ನೂ ಉದ್ದವನ್ನೂ ಸಂಪೂರ್ಣ ದೋಷರಹಿತಗೊಳಿಸಿದನೆಂದು ಭಾವಿಸೋಣ. ಒಟ್ಟು ಸಂದೇಹ 16ರಿಂದ 15ಕ್ಕೆ ಇಳಿದೀತು, ಅಷ್ಟೆ. ಇನ್ನೊಬ್ಬನು ಕೊರೆಯುವ ಕೆಲಸವನ್ನು ಇದ್ದಂತೆಯೇ ಬಿಟ್ಟು, ಹಲಗೆಯ ಸ್ಥಿರಾಂಕವನ್ನು ಮಾತ್ರ 0.02ರಷ್ಟು ಖಚಿತವಾಗಿ ಅಳೆದುಕೊಂಡನೆನ್ನೋಣ. ಅವನ ಒಟ್ಟು ಸಂದೇಹ 16ರಿಂದ ಸುಮಾರು 6ಕ್ಕೆ ಇಳಿಯುತ್ತದೆ. ಇಬ್ಬರೂ ಶ್ರಮಪಟ್ಟವರೇ, ಆದರೆ ಶ್ರಮವನ್ನು ಎಲ್ಲಿ ಹಾಕಬೇಕೆಂಬುದು ಎರಡನೆಯವನಿಗೆ ಮಾತ್ರ ತಿಳಿದಿತ್ತು. ತೂತು ಬಿದ್ದ ಕೊಡದಲ್ಲಿ ಎಲ್ಲಕ್ಕಿಂತ ದೊಡ್ಡ ತೂತನ್ನು ಮೊದಲು ಮುಚ್ಚಬೇಕು. ಗಣಕಯಂತ್ರದ ನಿಜವಾದ ಉಪಕಾರವು ಇಲ್ಲಿದೆ. ಒಂದೊಂದು ಅಳತೆಯನ್ನೂ ಸ್ವಲ್ಪ ಸ್ವಲ್ಪ ಬದಲಿಸಿ ಸಾವಿರಾರು ಸಲ ಲೆಕ್ಕ ಹಾಕಿ, ಯಾವ ಅಳತೆಗೆ ಮಂಡಲವು ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದನ್ನು ಅದು ಬೇಸರವಿಲ್ಲದೆ ತೋರಿಸಿಕೊಡುತ್ತದೆ.

ಎರಡು ಪಟ್ಟಿಗಳ ಉಪಾಯ

ಹಾಗಾದರೆ ಹಲಗೆಯ ಸ್ಥಿರಾಂಕವನ್ನು 0.02ರಷ್ಟು ಖಚಿತವಾಗಿ ಅಳೆಯುವುದು ಹೇಗೆ? ಶಾಲೆಯ ಗಾಜಿನ ಕೊಳವೆಯೇ ದಾರಿ ತೋರಿಸುತ್ತದೆ.

ಮುಖ್ಯ ಮಂಡಲವಿರುವ ಹಲಗೆಯ ಮೇಲೆಯೇ, ಒಂದು ಮೂಲೆಯಲ್ಲಿ, ಒಂದೇ ಅಗಲದ ಎರಡು ಪಟ್ಟಿಗಳನ್ನು ರಚಿಸಬೇಕು. ಒಂದರ ಉದ್ದ 17.81 ಮಿಲಿಮೀಟರ್, ಇನ್ನೊಂದರದು ಅದರ ಎರಡರಷ್ಟು, 35.62 ಮಿಲಿಮೀಟರ್. ಮೊದಲನೆಯ ಪಟ್ಟಿಯಲ್ಲಿ ಅರ್ಧ ತರಂಗ ನಿಲ್ಲುವ ಆವೃತ್ತಿಯನ್ನೂ, ಎರಡನೆಯದರಲ್ಲಿ ಪೂರ್ಣ ತರಂಗ ನಿಲ್ಲುವ ಆವೃತ್ತಿಯನ್ನೂ ಅಳೆಯಬೇಕು. ತುದಿಯ ಚಾಚು ಇಲ್ಲದಿದ್ದರೆ ಎರಡೂ ಆವೃತ್ತಿಗಳು ಒಂದೇ ಆಗಿರುತ್ತಿದ್ದವು. ಆದರೆ ಮೊದಲನೆಯದು 3.200 ಎಂದಾದರೆ ಎರಡನೆಯದು 3.235 ಗಿಗಾಹರ್ಟ್ಸ್ ಬರುತ್ತದೆ. ಏಕೆಂದರೆ ಉದ್ದನೆಯ ಪಟ್ಟಿಯಲ್ಲಿ ಅದೇ 0.40 ಮಿಲಿಮೀಟರ್ ಚಾಚಿನ ಪಾಲು ಅರ್ಧದಷ್ಟು ಮಾತ್ರ. ಗೊತ್ತಿಲ್ಲದ ಸಂಗತಿಗಳು ಎರಡು: ಫಲಿತ ಸ್ಥಿರಾಂಕ ಮತ್ತು ಚಾಚು. ದೊರೆತ ಅಳತೆಗಳೂ ಎರಡು. ಒಂದು ಸಮೀಕರಣವನ್ನು ಇನ್ನೊಂದರಿಂದ ಕಳೆದರೆ ಚಾಚು ಹೊರಟುಹೋಗಿ ಫಲಿತ ಸ್ಥಿರಾಂಕ ಒಂಟಿಯಾಗಿ ನಿಲ್ಲುತ್ತದೆ. ಅದರಿಂದ ಹಲಗೆಯ ಸ್ಥಿರಾಂಕವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಪಟ್ಟಿಯ ಉದ್ದ ಮತ್ತು ಅಗಲಗಳನ್ನು ನಕ್ಷೆಯಿಂದ ತೆಗೆದುಕೊಳ್ಳದೆ, ರಚಿತವಾದ ಪಟ್ಟಿಯನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯಬೇಕು. ಉದ್ದದಲ್ಲಿ 0.02 ಮಿಲಿಮೀಟರ್ ತಪ್ಪಿದರೆ ಅದೊಂದೇ ಸ್ಥಿರಾಂಕವನ್ನು 0.02ಕ್ಕಿಂತ ಹೆಚ್ಚಾಗಿ ಕೆಡಿಸುತ್ತದೆ, 0.005ರಷ್ಟು ಖಚಿತವಾಗಿ ಅಳೆದರೆ ಆ ದೋಷ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಆವೃತ್ತಿಯನ್ನು ಒಂದು ಮೆಗಾಹರ್ಟ್ಸ್‌ನೊಳಗೆ ಓದಬೇಕು. ಅದಕ್ಕಾಗಿ ಪಟ್ಟಿಗೆ ತರಂಗವನ್ನು ಊಡುವ ಸಂಪರ್ಕವು ಅತಿ ಸಡಿಲವಾಗಿರಬೇಕು. ಗಟ್ಟಿಯಾದ ಸಂಪರ್ಕವು ಪಟ್ಟಿಯ ಸ್ವಭಾವವನ್ನೇ ಬದಲಿಸುತ್ತದೆ. ಈ ಪರೀಕ್ಷಾ ಪಟ್ಟಿಗಳಿಗೆ ತಗಲುವ ಸ್ಥಳ ಹೆಚ್ಚೇನಲ್ಲ. ಹೊಲದ ಒಂದು ಸಾಲನ್ನು ಬೀಜಕ್ಕೆಂದು ಬಿಡುವ ರೈತನಂತೆ, ವಿವೇಕಿಯಾದ ವಿನ್ಯಾಸಕಾರನು ಹಲಗೆಯ ಒಂದು ಮೂಲೆಯನ್ನು ಸತ್ಯದ ಪರೀಕ್ಷೆಗೆಂದು ಮೀಸಲಿಡುತ್ತಾನೆ.

ಜಾಲರಿಯ ನಿಖರತೆ ಮತ್ತು ಅದರ ಮಿತಿ

ಇಂದಿನ ಗಣಕಯಂತ್ರಗಳು ಸೂತ್ರಗಳನ್ನು ಮಾತ್ರವೇ ನೆಚ್ಚಿಕೊಂಡಿಲ್ಲ. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ನೇರವಾಗಿ ಬಿಡಿಸುತ್ತವೆ. ಅದಕ್ಕಾಗಿ ಮಂಡಲದ ಸುತ್ತಲಿನ ಅವಕಾಶವನ್ನು ಸಾವಿರಾರು, ಲಕ್ಷಾಂತರ ಸಣ್ಣ ಕೋಶಗಳ ಜಾಲರಿಯಾಗಿ ಸೀಳಿ, ಪ್ರತಿ ಕೋಶದಲ್ಲಿಯೂ ಕ್ಷೇತ್ರದ ಬೆಲೆಯನ್ನು ಕಂಡುಹಿಡಿಯುತ್ತವೆ. ಜಾಲರಿ ಒರಟಾಗಿದ್ದರೆ ಉತ್ತರವೂ ಒರಟು.

ಜಾಲರಿ ಸಾಕಷ್ಟು ನಯವಾಗಿದೆಯೇ ಎಂದು ತಿಳಿಯಲು ಒಂದೇ ಲೆಕ್ಕ ಸಾಲದು. ಕನಿಷ್ಠ ಮೂರು ಬೇಕು. ಉದಾಹರಣೆಗೆ, ಒಂದು ಜಾಲರಿಯಲ್ಲಿ 3.1760, ಕೋಶಗಳ ಅಂಚನ್ನು ಅರ್ಧಮಾಡಿದಾಗ 3.1940, ಮತ್ತೆ ಅರ್ಧಮಾಡಿದಾಗ 3.1985 ಗಿಗಾಹರ್ಟ್ಸ್ ಬಂದಿತೆಂದು ಇಟ್ಟುಕೊಳ್ಳೋಣ. ಮೊದಲ ಹೆಜ್ಜೆಯ ವ್ಯತ್ಯಾಸ 18 ಮೆಗಾಹರ್ಟ್ಸ್, ಎರಡನೆಯದು 4.5, ಅಂದರೆ ಪ್ರತಿ ಸಲವೂ ನಾಲ್ಕನೆಯ ಒಂದು ಭಾಗ. ಈ ಕ್ರಮವನ್ನು ಮುಂದುವರಿಸಿದರೆ ಉತ್ತರವು 3.2000ಕ್ಕೆ ಹೋಗಿ ನಿಲ್ಲುತ್ತದೆ ಎಂದು ಊಹಿಸಬಹುದು. ಇದಕ್ಕೆ ಅಭಿಸರಣ ಎನ್ನುತ್ತಾರೆ. ವ್ಯತ್ಯಾಸಗಳು ಹೀಗೆ ಕ್ರಮವಾಗಿ ಇಳಿಯದಿದ್ದರೆ ಆ ಉತ್ತರವನ್ನು ನಂಬಲಾಗದು. ವಿದ್ಯುತ್ ಪ್ರವಾಹವು ಪಟ್ಟಿಯ ಅಂಚುಗಳಲ್ಲಿ ಗುಂಪುಗೂಡುವುದರಿಂದ, ಜಾಲರಿಯನ್ನು ಎಲ್ಲ ಕಡೆಯೂ ಒಂದೇ ಸಮನಾಗಿ ದಟ್ಟವಾಗಿಸದೆ, ಅಂಚುಗಳ ಬಳಿ ದಟ್ಟವಾಗಿಸುವುದು ಲಾಭಕರ.

ಆದರೆ ಅಭಿಸರಣವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ನಾವು ಬರೆದುಕೊಟ್ಟ ಸಮಸ್ಯೆಯನ್ನು ಗಣಕಯಂತ್ರ ಸರಿಯಾಗಿ ಬಿಡಿಸಿದೆ ಎಂದಷ್ಟೇ ಅದು ಹೇಳುತ್ತದೆ. ನಾವು ಬರೆದುಕೊಟ್ಟ ಸಮಸ್ಯೆಯೂ ಮೇಜಿನ ಮೇಲಿರುವ ವಸ್ತುವೂ ಒಂದೇ ಎಂದು ಅದು ಹೇಳುವುದಿಲ್ಲ. ಮಂಡಲದ ಮೇಲೆ ಲೋಹದ ಮುಚ್ಚಳ ಬರುವುದನ್ನು ಮರೆತಿದ್ದರೆ, ಲಕ್ಷ ಕೋಶಗಳ ಜಾಲರಿಯೂ ಮುಚ್ಚಳವಿಲ್ಲದ ಮಂಡಲದ ಉತ್ತರವನ್ನೇ ಕೊಡುತ್ತದೆ. ಲೋಹದ ಮೇಲ್ಮೈಯನ್ನು ಕನ್ನಡಿಯಂತೆ ನುಣುಪೆಂದು ಭಾವಿಸಿದ್ದರೆ, ಮಂಡಲದ ನಷ್ಟವು ಲೆಕ್ಕಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆ. ಕಾರಣವೇನೆಂದರೆ 3.2 ಗಿಗಾಹರ್ಟ್ಸ್‌ನಲ್ಲಿ ಪ್ರವಾಹವು ತಾಮ್ರದೊಳಗೆ ಇಳಿಯುವ ಆಳ ಕೇವಲ 1.2 ಮೈಕ್ರೋಮೀಟರ್, ಮೇಲ್ಮೈಯ ಉಬ್ಬುತಗ್ಗುಗಳೇ ಅಷ್ಟಿದ್ದರೆ ಪ್ರವಾಹವು ಬೆಟ್ಟಹತ್ತಿ ಇಳಿದಂತೆ ಹರಿಯಬೇಕಾಗುತ್ತದೆ. ಉತ್ತರದಲ್ಲಿ ದಶಾಂಶದ ಸ್ಥಾನಗಳು ಹೆಚ್ಚಾದ ಮಾತ್ರಕ್ಕೆ ನಿಖರತೆ ಹೆಚ್ಚಾಗುವುದಿಲ್ಲ.

ಅಳೆಯುವ ಯಂತ್ರಕ್ಕೂ ಪರೀಕ್ಷೆ

ಲೆಕ್ಕಕ್ಕೂ ಅಳತೆಗೂ ಹೊಂದದಿದ್ದಾಗ ತಪ್ಪು ಲೆಕ್ಕದ್ದೇ ಎಂದು ತೀರ್ಮಾನಿಸುವುದು ಅವಸರ. ಅಳತೆಯೂ ತಪ್ಪಿರಬಹುದು. ಈ ಕ್ಷೇತ್ರದ ಮುಖ್ಯ ಮಾಪಕ ‘ನೆಟ್‌ವರ್ಕ್ ಅನಲೈಸರ್’. ಮಂಡಲಕ್ಕೆ ತರಂಗವನ್ನು ಕಳುಹಿಸಿ, ಎಷ್ಟು ಹಿಂದಕ್ಕೆ ಪ್ರತಿಫಲಿಸಿತು, ಎಷ್ಟು ಮುಂದಕ್ಕೆ ದಾಟಿತು, ಎಷ್ಟು ತಡವಾಗಿ ದಾಟಿತು ಎಂಬುದನ್ನು ಇದು ಅಳೆಯುತ್ತದೆ. ಆದರೆ ಯಂತ್ರಕ್ಕೂ ಮಂಡಲಕ್ಕೂ ನಡುವೆ ಕೇಬಲ್ಲುಗಳು, ಜೋಡಣೆಗಳು ಇವೆ; ಅವುಗಳ ಪ್ರತಿಫಲನವೂ ಅಳತೆಯಲ್ಲಿ ಬೆರೆತಿರುತ್ತದೆ.

ಈ ಬೆರಕೆಯನ್ನು ಕಳೆಯಲು, ಪರಿಚಿತ ವಸ್ತುಗಳನ್ನು ಮೊದಲು ಅಳೆದು ಯಂತ್ರವನ್ನು ತಿದ್ದಿಕೊಳ್ಳುವ ಕ್ರಮಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. 1979ರಲ್ಲಿ ಎಂಗೆನ್ ಮತ್ತು ಹೋಯರ್ ಎಂಬ ಅಮೆರಿಕದ ಮಾಪನ ವಿಜ್ಞಾನಿಗಳು ಪ್ರಕಟಿಸಿದ ವಿಧಾನವು ವಿಶೇಷವಾಗಿ ಗಮನಾರ್ಹ. ಅದರಲ್ಲಿ ಬೇಕಾದವು ಮೂರೇ: ಎರಡು ತುದಿಗಳ ನೇರ ಜೋಡಣೆ, ಒಂದು ಪ್ರತಿಫಲಕ, ಮತ್ತು ಸ್ವಲ್ಪ ಹೆಚ್ಚು ಉದ್ದದ ಒಂದು ಪಟ್ಟಿ. ಪ್ರತಿಫಲಕದ ನಿಖರ ಬೆಲೆಯೂ ಗೊತ್ತಿರಬೇಕಾಗಿಲ್ಲ. ಎರಡು ಕಡೆಯೂ ಒಂದೇ ಆಗಿದ್ದರೆ ಸಾಕು. ಎರಡು ಉದ್ದಗಳ ವ್ಯತ್ಯಾಸದಿಂದ ದೋಷವನ್ನು ಕಳೆಯುವ ಅದೇ ಹಳೆಯ ಉಪಾಯ ಇಲ್ಲಿಯೂ ಇರುವುದನ್ನು ಓದುಗರು ಗುರುತಿಸಿರಬಹುದು.

ಇಷ್ಟಾದ ಮೇಲೂ ಸ್ವಲ್ಪ ದೋಷ ಉಳಿಯುತ್ತದೆ. ಅದು ಕಳುಹಿಸಿದ ತರಂಗದ ನೂರರಲ್ಲಿ ಒಂದು ಭಾಗವೆಂದು ಭಾವಿಸೋಣ. ಡೆಸಿಬೆಲ್ ಭಾಷೆಯಲ್ಲಿ ಇದು ಋಣ 40. ಮಂಡಲದ ನಿಜವಾದ ಪ್ರತಿಫಲನ ಹತ್ತರಲ್ಲಿ ಒಂದು ಭಾಗ, ಅಂದರೆ ಋಣ 20 ಡೆಸಿಬೆಲ್ ಆಗಿದ್ದರೆ, ಅಳತೆ ಋಣ 19.2ರಿಂದ ಋಣ 20.9ರೊಳಗೆ ಬರುತ್ತದೆ. ಇದು ಸಹ್ಯ. ಆದರೆ ನಿಜವಾದ ಪ್ರತಿಫಲನ ಋಣ 35 ಆಗಿದ್ದರೆ, ಅಳತೆ ಋಣ 31ರಿಂದ ಋಣ 42ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಲ್ಲಿ ಲೆಕ್ಕವೂ ಅಳತೆಯೂ ಹತ್ತನೆಯ ಒಂದು ಡೆಸಿಬೆಲ್ಲಿನಷ್ಟು ಹೊಂದಿದವೆಂದು ಹರ್ಷಿಸುವುದು, ಅಲ್ಲಾಡುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆಯೇ ಸರಿ.

ಹೊಂದಿಸಿದ ಲೆಕ್ಕ ಮತ್ತು ಪರೀಕ್ಷಿಸಿದ ಲೆಕ್ಕ

ಇನ್ನು ಕೊನೆಯ ಹಾಗೂ ಸೂಕ್ಷ್ಮವಾದ ಸಂಗತಿ. ಅಳತೆ 3.13 ಎಂದೂ ಲೆಕ್ಕ 3.20 ಎಂದೂ ಬಂದಾಗ, ತುದಿಯ ಚಾಚನ್ನು ಮರೆತಿರುವ ವಿನ್ಯಾಸಕಾರನಿಗೆ ಒಂದು ಪ್ರಲೋಭನೆ ಉಂಟಾಗುತ್ತದೆ. ಗಣಕಯಂತ್ರದಲ್ಲಿ ಸ್ಥಿರಾಂಕವನ್ನು 9.8ರಿಂದ 10.25ರ ಆಸುಪಾಸಿಗೆ ಏರಿಸಿಬಿಟ್ಟರೆ ಲೆಕ್ಕವೂ 3.13ಕ್ಕೆ ಬಂದು ನಿಲ್ಲುತ್ತದೆ. ಎರಡು ವಕ್ರರೇಖೆಗಳು ಒಂದರ ಮೇಲೊಂದು ಕೂರುತ್ತವೆ. ವರದಿ ಸುಂದರವಾಗಿ ಕಾಣುತ್ತದೆ. ಆದರೆ ಅದು ನಿಖರತೆಯಲ್ಲ. ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದ್ದು ಮಾತ್ರ. ಅದೇ ‘ತಿದ್ದಿದ’ ಸ್ಥಿರಾಂಕದಿಂದ ಎರಡರಷ್ಟು ಉದ್ದದ ಪಟ್ಟಿಯನ್ನು ಲೆಕ್ಕ ಹಾಕಿದೊಡನೆ ಮೋಸ ಬಯಲಾಗುತ್ತದೆ, ಏಕೆಂದರೆ ಅಲ್ಲಿ ಚಾಚಿನ ಪಾಲು ಬೇರೆ.

ಆದ್ದರಿಂದ ನಿಯಮವಿಷ್ಟು: ಯಾವ ಅಳತೆಯನ್ನು ನೋಡಿ ಮಾದರಿಯನ್ನು ತಿದ್ದಿದೆವೋ ಅದೇ ಅಳತೆಯಿಂದ ಆ ಮಾದರಿಯನ್ನು ಪರೀಕ್ಷಿಸಬಾರದು. ಬೇರೆ ಉದ್ದದ, ಬೇರೆ ಅಗಲದ, ಬೇರೆ ಹಲಗೆಯ ಅಳತೆಯನ್ನು ಮುಂಚಿತವಾಗಿ ಲೆಕ್ಕ ಹಾಕಿ ಬರೆದಿಟ್ಟು, ಅನಂತರ ಅಳೆಯಬೇಕು. ಆಗ ಹೊಂದಿದರೆ ಮಾತ್ರ ಅದು ನಂಬಿಕೆಗೆ ಅರ್ಹ. ಉತ್ತರಪುಟವನ್ನು ಮೊದಲು ನೋಡಿ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಉತ್ತರ ಸರಿಬಂದರೂ ವಿದ್ಯೆ ಬಂದಿರುವುದಿಲ್ಲ.

ಉಪಸಂಹಾರ

ನಾವು ದೊಡ್ಡನೆಕ್ಕುಂದಿಯಿಂದ ಆರಂಭಿಸಿದೆವು, ಅಲ್ಲಿಗೇ ಹಿಂದಿರುಗೋಣ. ನಿಸಾರ್ ಉಪಗ್ರಹದ 12 ಮೀಟರ್ ವ್ಯಾಸದ ಆಂಟೆನಾ ಪ್ರತಿಫಲಕವು ಮಡಿಸಿಟ್ಟ ಸ್ಥಿತಿಯಲ್ಲಿ, ಹಿಂದೆ ಅಂದಾಜು ಮಾಡಿದ್ದಕ್ಕಿಂತ ಹೆಚ್ಚಿನ ತಾಪಕ್ಕೆ ಒಳಗಾಗಬಹುದೆಂದು ಪರೀಕ್ಷೆ ಮತ್ತು ವಿಶ್ಲೇಷಣೆಗಳು ತೋರಿಸಿದವು. ಅದು ಸೂಕ್ಷ್ಮತರಂಗದ ಲೆಕ್ಕವಲ್ಲ, ತಾಪದ ಲೆಕ್ಕ. ಆದರೂ ತತ್ತ್ವ ಒಂದೇ. ಪ್ರತಿಫಲಕವನ್ನು 2024ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹಿಂದಕ್ಕೆ ಕಳುಹಿಸಿ, ಬಿಸಿಲನ್ನು ಹೆಚ್ಚು ಪ್ರತಿಫಲಿಸುವ ಲೇಪವನ್ನು ಹಚ್ಚಿ, ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಮರಳಿ ತಂದರು. ಉಡಾವಣೆ ತಡವಾಯಿತು. ಆದರೆ ಅಂದಾಜು ತಪ್ಪಾಗಿತ್ತೆಂದು ಭೂಮಿಯ ಮೇಲೆ ಒಪ್ಪಿಕೊಳ್ಳಲು ತಗಲುವ ಬೆಲೆ, ಆಕಾಶದಲ್ಲಿ ಒಪ್ಪಿಕೊಳ್ಳುವ ಬೆಲೆಗಿಂತ ಎಷ್ಟೋ ಕಡಿಮೆ.

ಈ ಶಾಲೆಯ ಬೆಂಚುಗಳ ಮೇಲೆ ಇಂದು ಕುಳಿತಿರುವವರಲ್ಲಿ ಕೆಲವರಾದರೂ ನಾಳೆ ಅಂತಹ ಕೇಂದ್ರಗಳಲ್ಲಿ ಕೆಲಸ ಮಾಡಬಹುದು. ಅಂದು ಅವರ ಕೈಯಲ್ಲಿರುವ ಗಣಕಯಂತ್ರ ಇಂದಿನದಕ್ಕಿಂತ ಸಾವಿರಪಾಲು ವೇಗವಾಗಿದ್ದೀತು. ಆದರೂ ಅದು ಕೊಡುವ ಉತ್ತರವು, ಅದಕ್ಕೆ ಊಡಿದ ಅಳತೆಗಿಂತ ಹೆಚ್ಚು ಸತ್ಯವಾಗಿರಲಾರದು. ಮಾದರಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳುವುದು, ದೊಡ್ಡ ದೋಷವನ್ನು ಮೊದಲು ಹುಡುಕುವುದು, ವಸ್ತುವನ್ನು ಪತ್ರದಿಂದ ನಂಬದೆ ಅಳೆದು ತಿಳಿಯುವುದು, ಮಾಪಕವನ್ನೂ ಪರೀಕ್ಷಿಸುವುದು, ಹೊಂದಿಕೆಯನ್ನು ಹೊಸ ಅಳತೆಯಿಂದ ದೃಢಪಡಿಸುವುದು: ಈ ಐದು ಅಭ್ಯಾಸಗಳನ್ನು ಕಲಿಯಲು ದುಬಾರಿ ಯಂತ್ರಗಳು ಬೇಕಿಲ್ಲ. ಒಂದು ಗಾಜಿನ ಕೊಳವೆ, ಒಂದು ಶ್ರುತಿಕವೆ ಮತ್ತು ಕಂಡದ್ದನ್ನು ಕಂಡಂತೆ ಬರೆಯುವ ಮನಸ್ಸು ಸಾಕು.

ಅಭ್ಯಾಸಕ್ಕೆ

1. ನಿಮ್ಮ ಪ್ರಯೋಗಶಾಲೆಯಲ್ಲಿ ಬೇರೆ ಬೇರೆ ವ್ಯಾಸದ ಎರಡು ಕೊಳವೆಗಳಿಂದ ಶಬ್ದದ ವೇಗವನ್ನು ಕಂಡುಹಿಡಿಯಿರಿ. ಮೊದಲನೆಯ ಅನುನಾದವನ್ನು ಮಾತ್ರ ಬಳಸಿದಾಗ ಯಾವ ಕೊಳವೆಯಲ್ಲಿ ದೋಷ ಹೆಚ್ಚು? ಏಕೆ?

2. ಈ ಲೇಖನದ ಪಟ್ಟಿಯಲ್ಲಿ ತರಂಗದೂರ 36.4 ಮಿಲಿಮೀಟರ್. ಪಟ್ಟಿಯ ಉದ್ದ 0.1 ಮಿಲಿಮೀಟರ್ ಹೆಚ್ಚಾದರೆ ತರಂಗದ ಹಂತ ಎಷ್ಟು ಡಿಗ್ರಿ ಹಿಂದೆ ಬೀಳುತ್ತದೆ? (ಒಂದು ಪೂರ್ಣ ತರಂಗಕ್ಕೆ 360 ಡಿಗ್ರಿ.)

3. ಆಮ್ಲವು ಅಗತ್ಯಕ್ಕಿಂತ ಹೆಚ್ಚಾಗಿ ಕೊರೆದರೆ ಪಟ್ಟಿಯ ಉದ್ದವೂ ಅಗಲವೂ ಒಟ್ಟಿಗೇ ಕಡಿಮೆಯಾಗುತ್ತವೆ. ಎರಡೂ ಆವೃತ್ತಿಯನ್ನು ಮೇಲಕ್ಕೇ ತಳ್ಳುತ್ತವೆ. ಹೀಗಿರುವಾಗ ಅವೆರಡನ್ನು ಸಂಬಂಧವಿಲ್ಲದ ದೋಷಗಳೆಂದು ಭಾವಿಸುವುದು ಸರಿಯೇ? ಮೊದಲು ಅವೆರಡನ್ನು ನೇರವಾಗಿ ಕೂಡಿಸಿ, ಅನಂತರ ಸ್ಥಿರಾಂಕದ ದೋಷದೊಡನೆ ವರ್ಗಗಳ ಮೂಲಕ ಸೇರಿಸಿದರೆ ಒಟ್ಟು ಸಂದೇಹ ಎಷ್ಟು ಮೆಗಾಹರ್ಟ್ಸ್ ಆಗುತ್ತದೆ?